ಮೊದಲ ದಿನ ಮಾನಿಟರ್ ಮೇಲೆ ಟವೆಲ್ ಹಾಕಿ: ಮಕ್ಕಳ ಐಸಿಯುನಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಬಗೆ

ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್‌ಗಳು ಮೊದಲ ತಿಂಗಳಲ್ಲೇ ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ಮೇಡಂ, ಪಿಐಸಿಯುಗೆ ಸ್ಟೂಡೆಂಟ್ಸ್ ಹಾಕಿದ್ದಾರೆ. ನನಗೆ ಪೇಶೆಂಟ್ ನೋಡೋಕೇ ಟೈಮ್ ಇಲ್ಲ. ಇವರನ್ನು ಎಲ್ಲಿ ನಿಲ್ಲಿಸಲಿ?"

ಎಲ್ಲಿ ನಿಲ್ಲಿಸಲಿ ಅನ್ನುವುದು ಸರಿಯಾದ ಪ್ರಶ್ನೆಯೇ. ನಾನು ಸುಮಾರು ಹತ್ತು ವರ್ಷ ಅವರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದೆ. ನನ್ನ ಬೆನ್ನ ಹಿಂದೆ. ನಮ್ಮದು ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆ, ಮಕ್ಕಳ ಐಸಿಯುನಲ್ಲಿ ಹತ್ತು ಬೆಡ್. ರೌಂಡ್ಸ್ ಹೊರಟರೆ ಮುಂದೆ ನಾನು, ಪಕ್ಕದಲ್ಲಿ ಸ್ನಾತಕೋತ್ತರ ಓದುವ ಪಿಜಿ ಡಾಕ್ಟರ್‌ಗಳು, ಅವರ ಹಿಂದೆ ಇಂಟರ್ನ್‌ಶಿಪ್ ಮಾಡುವ ಹೌಸ್ ಸರ್ಜನ್‌ಗಳು, ಕೊನೆಗೆ ಹನ್ನೆರಡು ಮಂದಿ ಎಂಬಿಬಿಎಸ್ ಹುಡುಗ ಹುಡುಗಿಯರು. ದಿಬ್ಬಣ ಹೊರಟ ಹಾಗೆ. ಹಿಂದಿನ ಸಾಲಿನವರಿಗೆ ಮಗು ಕಾಣುವುದಿಲ್ಲ, ನನ್ನ ಮಾತು ಕೇಳುವುದಿಲ್ಲ. ಕಾಣುವುದು ಮಾನಿಟರ್ ಒಂದೇ.

ಒಮ್ಮೆ ಪೋಸ್ಟಿಂಗ್ ಮುಗಿಯುವ ದಿನ ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದೆ: "ಈ ಹದಿನೈದು ದಿನದಲ್ಲಿ ನೋಡಿದ ಒಂದು ಮಗುವಿನ ಹೆಸರು ಹೇಳಮ್ಮ." ಆಕೆ ಯೋಚಿಸಿ ಹೇಳಿದಳು, "ಬೆಡ್ ನಾಲ್ಕರ ಡೆಂಗ್ಯೂ, ಮೇಡಂ." ಬೈಯಲು ಬಾಯಿ ತೆರೆದೆ. ಆದರೆ ಆ ಹುಡುಗಿಯ ಹೆಸರು ನನಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಅಂದಿನಿಂದ ಕಲಿಸುವ ರೀತಿ ಬದಲಾಯಿಸಿದೆ. ಈಗ ನನ್ನ ನಿಯಮ ಒಂದೇ: ಒಬ್ಬ ವಿದ್ಯಾರ್ಥಿಗೆ ಒಂದು ಮಗು, ಆ ಮಗುವಿಗಾಗಿ ಒಂದು ನಿಜವಾದ ಕೆಲಸ. ಕೆಲಸ ಚಿಕ್ಕದಿರಲಿ. ಆದರೆ ಅದನ್ನು ಮಾಡದಿದ್ದರೆ ಯಾರಾದರೂ ಕೇಳುವಂತಿರಬೇಕು.

ಇದು ನಾನು ಕಂಡುಹಿಡಿದದ್ದೇನಲ್ಲ. ಐಸಿಯು ಅನ್ನುವುದು ಹುಟ್ಟಿದ್ದೇ ವಿದ್ಯಾರ್ಥಿಗಳ ಕೈಯಲ್ಲಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ದೊಡ್ಡ ಪೋಲಿಯೋ ಹಾವಳಿ ಬಂತು. ಉಸಿರಾಟದ ಸ್ನಾಯು ಬಿದ್ದುಹೋದ ಮಕ್ಕಳು ಬ್ಲೆಗ್ಡಮ್ ಆಸ್ಪತ್ರೆಗೆ ಸಾಲುಸಾಲಾಗಿ ಬರುತ್ತಿದ್ದರು. ಅಲ್ಲಿದ್ದದ್ದು ಐರನ್ ಲಂಗ್ ಅನ್ನುವ ಉಸಿರಾಟದ ಯಂತ್ರ ಒಂದೇ ಒಂದು. ಅನಸ್ತೇಶಿಯಾ ವೈದ್ಯ ಬ್ಯೋರ್ನ್ ಇಬ್ಸೆನ್ ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ಟ್ಯೂಬ್ ಹಾಕಿಸಿ, ಬ್ಯಾಗ್ (ಗಾಳಿ ತುಂಬಿದ ರಬ್ಬರ್ ಚೀಲ) ಒತ್ತಿ ಉಸಿರು ಕೊಟ್ಟರು. ಹುಡುಗಿ ಉಳಿದಳು. ಆದರೆ ಬೇರೆ ಮಕ್ಕಳಿಗೆಲ್ಲ ಹಗಲು ರಾತ್ರಿ ಬ್ಯಾಗ್ ಒತ್ತುವವರು ಯಾರು? ಮೆಡಿಕಲ್ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1,500 ಮಂದಿ ಪಾಳಿ ಹಾಕಿಕೊಂಡು, ತಿಂಗಳುಗಟ್ಟಲೆ ಕೈಯಿಂದಲೇ ಉಸಿರು ಕೊಟ್ಟರು. ಒಬ್ಬ ವಿದ್ಯಾರ್ಥಿ, ಒಂದು ಮಗು, ಒಂದು ಬ್ಯಾಗ್. ನಮ್ಮ ಹುಡುಗರಿಗೆ ಈ ಕಥೆ ಮೊದಲ ದಿನವೇ ಹೇಳುತ್ತೇನೆ. ಮುಖ ಸ್ವಲ್ಪ ಬದಲಾಗುತ್ತದೆ.

ಅವರು ಬರುವ ಮೊದಲು

ಮೊದಲು ಮಾಡಬೇಕಾದ ಕೆಲಸ: ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಕೇಳಿ. ಹೇಳುವುದಲ್ಲ, ಕೇಳುವುದು. "ಸಿಸ್ಟರ್, ಸೋಮವಾರದಿಂದ ನಾಲ್ಕು ಜನ ಬರ್ತಾರೆ. ಯಾವ ಬೆಡ್ ಕೊಡೋಣ?" ಐಸಿಯು ನಡೆಸುವವರು ಅವರು. ಅವರ ಮನಸ್ಸು ಕೆಟ್ಟರೆ ವಿದ್ಯಾರ್ಥಿಗೆ ಒಂದು ಸಿರಿಂಜ್ ಕೂಡ ಸಿಗುವುದಿಲ್ಲ. ಮನಸ್ಸು ಚೆನ್ನಾಗಿದ್ದರೆ ನೀವು ವರ್ಷದಲ್ಲಿ ಕಲಿಸದ್ದನ್ನು ಅವರು ಒಂದು ನೈಟ್ ಡ್ಯೂಟಿಯಲ್ಲಿ ಕಲಿಸುತ್ತಾರೆ.

ಒಂದು ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಹನ್ನೆರಡು ಜನ ಕಳಿಸಿದರೆ ಮೂರು ಗುಂಪು ಮಾಡಿ. ಎರಡು ಗುಂಪು ವಾರ್ಡ್‌ನಲ್ಲಿ, ಸ್ಕಿಲ್ ಲ್ಯಾಬ್‌ನಲ್ಲಿ ಇರಲಿ ಅಂತ ಹೇಳಿ, ಒಂದೇ ಗುಂಪು ಒಳಗೆ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿ. ಉಗುರು, ಉಂಗುರ, ವಾಚ್, ತುಂಬು ತೋಳಿನ ಕೋಟು, ಇವೆಲ್ಲ ಬಾಗಿಲ ಹೊರಗೆ. ಫೋನ್ ಒಳಗೆ ಬರಬಹುದು, ಫೋಟೋ ತೆಗೆಯುವ ಹಾಗಿಲ್ಲ. ಇದರಲ್ಲಿ ನನ್ನ ಹತ್ತಿರ ಎರಡನೇ ಅವಕಾಶ ಇಲ್ಲ.

ಬೆಡ್ ಆರಿಸುವಾಗ ತೀರಾ ಗಂಭೀರವಾದ ಮಗುವನ್ನು ಕೊಡಬೇಡಿ. ಅಲ್ಲಿ ವಿದ್ಯಾರ್ಥಿ ಅಡ್ಡ ಬರುತ್ತಾನೆ ಅಷ್ಟೇ. ನಿನ್ನೆ ತೀರಾ ಕಷ್ಟದಲ್ಲಿದ್ದು ಇವತ್ತು ಸ್ವಲ್ಪ ಚೇತರಿಸಿಕೊಂಡ ಮಗು ಸಿಕ್ಕರೆ ಅದೇ ಒಳ್ಳೆಯ ಗುರು. ತಾಯಿಗೂ ಹೇಳಿ: "ಅವ್ವಾ, ಈ ಹುಡುಗಿ ಕಲಿಯಾಕ ಬಂದಾಳ. ನಿಮ್ಮ ಕೂಸಿನ ಹತ್ರ ಕುಂದರ್ತಾಳ, ನಡೀತದೇನ್ರಿ?" ಬೇಡ ಅಂದರೆ ಬೇರೆ ಬೆಡ್. ಇಷ್ಟು ವರ್ಷದಲ್ಲಿ ಬೇಡ ಅಂದ ತಾಯಂದಿರು ತುಂಬಾ ಕಡಿಮೆ.

ಟವೆಲ್

ಮೊದಲ ದಿನ ಸ್ಥಿರವಾಗಿರುವ ಒಂದು ಮಗುವಿನ ಮಾನಿಟರ್ ಪರದೆ ಮೇಲೆ ಟವೆಲ್ ಹಾಕುತ್ತೇನೆ. ಅಲಾರಂ ಶಬ್ದ ಆರಿಸುವುದಿಲ್ಲ, ಸಿಸ್ಟರ್ ಪಕ್ಕದಲ್ಲೇ ಇರುತ್ತಾರೆ. ವಿದ್ಯಾರ್ಥಿಯನ್ನು ಮಗುವಿನ ಕಾಲ ಬಳಿ ನಿಲ್ಲಿಸಿ, "ಮುಟ್ಟಬೇಡ, ಒಂದು ನಿಮಿಷ ನೋಡು, ಏನು ಕಂಡಿತು ಹೇಳು" ಅನ್ನುತ್ತೇನೆ.

ಮೊದಲ ಸಲ ಎಲ್ಲರೂ ತಡವರಿಸುತ್ತಾರೆ. ಕಣ್ಣು ಟವೆಲ್ ಕಡೆಗೇ ಹೋಗುತ್ತದೆ. ಹಾಗಾಗಿ ನೋಡಬೇಕಾದ್ದನ್ನು ಮೂರು ಮಾತಿನಲ್ಲಿ ಕಟ್ಟಿಕೊಟ್ಟಿದ್ದೇನೆ: ಮುಖ, ಉಸಿರು, ಬಣ್ಣ. ಮುಖ ಅಂದರೆ ಮಗು ಎಚ್ಚರವಿದೆಯಾ, ತಾಯಿಯನ್ನು ಗುರುತಿಸುತ್ತದೆಯಾ, ಅಳುವಿನಲ್ಲಿ ಕಸುವಿದೆಯಾ. ಉಸಿರು ಅಂದರೆ ಪಕ್ಕೆ ಬಡಿದುಕೊಳ್ಳುತ್ತಿದೆಯಾ, ಮೂಗಿನ ಹೊಳ್ಳೆ ಅರಳುತ್ತಿದೆಯಾ, ನರಳುವ ಶಬ್ದ ಇದೆಯಾ. ಬಣ್ಣ ಅಂದರೆ ಬಿಳಿಚಿದೆಯಾ, ನೀಲಿಯಾಗಿದೆಯಾ, ಚರ್ಮದಲ್ಲಿ ಜಾಲರಿಯಂತೆ ಕಲೆಗಳು ಮೂಡಿವೆಯಾ. ನಮ್ಮ ಮಕ್ಕಳ ಮೈಬಣ್ಣಕ್ಕೆ ತುಟಿ, ನಾಲಿಗೆ, ಅಂಗೈ ನೋಡಬೇಕು. ಪುಸ್ತಕದ ಗುಲಾಬಿ ಮಗು ಇಲ್ಲಿ ಸಿಗುವುದಿಲ್ಲ.

ಆಮೇಲೆ ಉಸಿರು ಎಣಿಸುವುದು. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ನಡೆಯುವುದಿಲ್ಲ. ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೇಗದ ಉಸಿರು. ಈ ಮೂರು ಅಂಕಿ ನಮ್ಮ ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಫೈನಲ್ ಇಯರ್ ವಿದ್ಯಾರ್ಥಿಗೆ ಬರದಿದ್ದರೆ ನಾನು ಅದನ್ನೇ ಹೇಳಿ ಸ್ವಲ್ಪ ಚುಚ್ಚುತ್ತೇನೆ.

ಇಲ್ಲೇ ಒಂದು ಬಲೆ ಇದೆ, ತಪ್ಪದೆ ತೋರಿಸಿ. 70 ಇದ್ದ ಉಸಿರು ಬೆಳಗಿನ ಹೊತ್ತಿಗೆ 30ಕ್ಕೆ ಇಳಿದಿದ್ದರೆ ವಿದ್ಯಾರ್ಥಿ ಖುಷಿಯಿಂದ "ಇಂಪ್ರೂವ್ ಆಗಿದೆ ಮೇಡಂ" ಅನ್ನುತ್ತಾನೆ. ಮಗು ಆಟಕ್ಕೆ ಕೈ ಚಾಚುತ್ತಿದ್ದರೆ ಹೌದು, ಸುಧಾರಿಸಿದೆ. ಮಗು ಮಂಕಾಗಿ, ತಲೆ ಅಲ್ಲಾಡಿಸುತ್ತಾ, ಪಕ್ಕೆ ಇನ್ನೂ ಒಳಗೆ ಹೋಗುತ್ತಿದ್ದರೆ ಅದು ಸುಧಾರಣೆ ಅಲ್ಲ, ದಣಿವು. ಇನ್ನು ಸ್ವಲ್ಪ ಹೊತ್ತಿಗೆ ಉಸಿರು ನಿಲ್ಲಬಹುದು. ಅಂಕಿ ಒಂದೇ, ಅರ್ಥ ಎರಡು. ಟವೆಲ್ ಹಾಕುವುದು ಇದಕ್ಕೇ.

ಸಂಜೆ ಟವೆಲ್ ತೆಗೆದು ಹೋಲಿಸಿ ನೋಡಲಿ. ರಕ್ತದ ಆಕ್ಸಿಜನ್ ಅಳೆಯುವ ಸ್ಯಾಚುರೇಷನ್ ಪ್ರೋಬ್ ತಣ್ಣನೆಯ ಬೆರಳಿಗೆ ಹಾಕಿದರೆ ಎಂಥಾ ಸುಳ್ಳು ಹೇಳುತ್ತದೆ ಅನ್ನುವುದನ್ನೂ ಆಗಲೇ ತೋರಿಸಿ. ಪರದೆ ಮೇಲಿನ ನಾಡಿಯ ತರಂಗ ಸರಿ ಇಲ್ಲದಿದ್ದರೆ ಆ ಅಂಕಿ ನಂಬುವ ಹಾಗಿಲ್ಲ.

ಲೆಕ್ಕದ ಚೀಟಿ

ದೊಡ್ಡವರ ಐಸಿಯುಗೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸ ಲೆಕ್ಕ. ನಮ್ಮಲ್ಲಿ ಒಂದೇ ದಿನ ಎರಡೂವರೆ ಕೆ.ಜಿ. ಮಗುವೂ ಇರುತ್ತದೆ, ನಲವತ್ತು ಕೆ.ಜಿ. ಹುಡುಗನೂ ಇರುತ್ತಾನೆ. ಹಾಗಾಗಿ ಎರಡನೇ ದಿನ ಪ್ರತಿ ವಿದ್ಯಾರ್ಥಿ ತನ್ನ ಮಗುವಿಗೆ ಒಂದು ತುರ್ತು ಚೀಟಿ ಬರೆಯಬೇಕು. ಕೈಬರಹದಲ್ಲಿ. ಆಪ್ ನೋಡಬಾರದು.

ಏಳು ತಿಂಗಳ, 8 ಕೆ.ಜಿ. ಮಗು ಅಂದುಕೊಳ್ಳಿ. ಹೃದಯ ನಿಂತರೆ ಅಡ್ರಿನಲಿನ್ ಎಷ್ಟು? ನಮ್ಮಲ್ಲಿ ಸಿಗುವ ಆಂಪೂಲ್ 1 ಎಂ.ಎಲ್.ನಲ್ಲಿ 1 ಮಿಲಿಗ್ರಾಂ. ಅದಕ್ಕೆ 9 ಎಂ.ಎಲ್. ಸಲೈನ್ ಸೇರಿಸಿ 10 ಮಾಡಿ. ಅದರಲ್ಲಿ ಕೆ.ಜಿ.ಗೆ 0.1 ಎಂ.ಎಲ್., ಅಂದರೆ 0.8 ಎಂ.ಎಲ್. ಮೂರರಿಂದ ಐದು ನಿಮಿಷಕ್ಕೊಮ್ಮೆ. ಫಿಟ್ಸ್ ಬಂದರೆ ಲೊರಾಜೆಪಾಮ್ ಕೆ.ಜಿ.ಗೆ 0.1 ಮಿಲಿಗ್ರಾಂ, ಅಂದರೆ 0.8 ಮಿಲಿಗ್ರಾಂ. ಆಂಪೂಲ್ 1 ಎಂ.ಎಲ್.ನಲ್ಲಿ 2 ಮಿಲಿಗ್ರಾಂನದ್ದಾದರೆ 0.4 ಎಂ.ಎಲ್. ಶಾಕ್ (ರಕ್ತಚಲನೆ ಕುಸಿದ ಸ್ಥಿತಿ) ಇದ್ದರೆ ಮೊದಲ ಫ್ಲೂಯಿಡ್ ಕೆ.ಜಿ.ಗೆ 10 ಎಂ.ಎಲ್., 80. ದಿನದ ಫ್ಲೂಯಿಡ್ ಲೆಕ್ಕ 1957ರಲ್ಲಿ ಹಾಲಿಡೇ ಮತ್ತು ಸೀಗರ್ ಹಾಕಿಕೊಟ್ಟದ್ದೇ: ಮೊದಲ 10 ಕೆ.ಜಿ.ಗೆ ಕೆ.ಜಿ.ಗೆ 100 ಎಂ.ಎಲ್., ಹಾಗಾಗಿ ದಿನಕ್ಕೆ 800, ಗಂಟೆಗೆ ಸುಮಾರು 33.

ಒಬ್ಬರ ಚೀಟಿ ಇನ್ನೊಬ್ಬರು ತಿದ್ದಬೇಕು. ಕೊನೆಗೆ ಸಿಸ್ಟರ್ ನೋಡಿ ಸಹಿ ಮಾಡಿದರೆ ಅದು ಬೆಡ್ ತಲೆದೆಸೆಗೆ ಅಂಟುತ್ತದೆ. ಇದೇ ನಾನು ಹೇಳಿದ ನಿಜವಾದ ಕೆಲಸ. ಕಳೆದ ವರ್ಷ ಮಧ್ಯಾಹ್ನ ಎರಡೂವರೆಗೆ ಒಂದು ಮಗು ಕುಸಿದಾಗ ಪಿಜಿ ಓದಿದ್ದು ಮೂರನೇ ವರ್ಷದ ಹುಡುಗನ ಕೈಬರಹವನ್ನೇ. ಆ ಹುಡುಗ ಆ ದಿನ ಊಟ ಮಾಡಲಿಲ್ಲ, ಸಂಜೆವರೆಗೂ ಬೆಡ್ ಬಿಟ್ಟು ಅಲುಗಲಿಲ್ಲ.

ದಶಾಂಶದ ಚುಕ್ಕಿ ಬಗ್ಗೆ ನಾನು ಅತಿ ಮಾಡುತ್ತೇನೆ ಅಂತ ಎಲ್ಲರೂ ನಗುತ್ತಾರೆ. ನಗಲಿ. ನಾನು ಪಿಜಿ ಆಗಿದ್ದಾಗ ಒಂದು ರಾತ್ರಿ ಮಾರ್ಫಿನ್ ಡೋಸ್ ".5" ಅಂತ ಬರೆದೆ, ಸೊನ್ನೆ ಹಾಕದೆ. ಕೇಸ್ ಶೀಟ್‌ನ ಗೆರೆ ಮೇಲೆ ಆ ಚುಕ್ಕಿ ಮಾಯವಾಗಿತ್ತು. "5 ಮಿಲಿಗ್ರಾಂ? ಈ ಕೂಸಿಗಾ ಡಾಕ್ಟ್ರೇ?" ಅಂತ ಒಬ್ಬ ಹಿರಿಯ ಸಿಸ್ಟರ್ ನನ್ನನ್ನು ಡ್ಯೂಟಿ ರೂಮಿನಿಂದ ಎಬ್ಬಿಸಿಕೊಂಡು ಬಂದರು. ಅವರು ಎಬ್ಬಿಸದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಹಾಗಾಗಿ: ಚುಕ್ಕಿಗೆ ಮೊದಲು ಸೊನ್ನೆ ಬೇಕೇ ಬೇಕು (.5 ಅಲ್ಲ, 0.5), ಪೂರ್ಣ ಅಂಕಿ ಆದ ಮೇಲೆ ಚುಕ್ಕಿ ಸೊನ್ನೆ ಬೇಡವೇ ಬೇಡ (5.0 ಅಲ್ಲ, 5).

ಇನ್ನೆರಡು ವಸ್ತುಗಳನ್ನು ಕೈಗೆ ಕೊಟ್ಟು ತೋರಿಸಿ. ಒಂದು, ಇನ್ಸುಲಿನ್ ಸಿರಿಂಜ್. ಕೆಂಪು ಕ್ಯಾಪ್‌ನದ್ದು ಎಂ.ಎಲ್.ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಕ್ಯಾಪ್‌ನದ್ದು ಎಂ.ಎಲ್.ಗೆ 100 ಯೂನಿಟ್ ಇರುವುದಕ್ಕೆ. ವಯಲ್ ಯಾವುದು, ಸಿರಿಂಜ್ ಯಾವುದು ಅಂತ ಜೋಡಿ ನೋಡದೆ ಎಳೆದರೆ ಡೋಸ್ ಎರಡೂವರೆ ಪಟ್ಟು ಆಚೀಚೆ ಆಗುತ್ತದೆ. ಇನ್ನೊಂದು, ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್. ಡಿಸ್ಟಿಲ್ಡ್ ವಾಟರ್ ಆಂಪೂಲ್ ಪಕ್ಕದಲ್ಲಿಟ್ಟು ನೋಡಲು ಹೇಳಿ. ಪೊಟ್ಯಾಸಿಯಂ ಅನ್ನು ನೇರವಾಗಿ ರಕ್ತನಾಳಕ್ಕೆ ಒತ್ತಿದರೆ ಹೃದಯ ನಿಲ್ಲುತ್ತದೆ. ಇದಕ್ಕೆ ಭಾಷಣ ಬೇಕಿಲ್ಲ. ಎರಡನ್ನೂ ಹಿಡಿದ ಕೈ ತಾನೇ ಹುಷಾರಾಗುತ್ತದೆ.

ಕೈ ಕೆಲಸ

ಎಂಬಿಬಿಎಸ್ ವಿದ್ಯಾರ್ಥಿ ಮಕ್ಕಳಿಗೆ ಟ್ಯೂಬ್ ಹಾಕಬೇಕಿಲ್ಲ. ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಅಂತೂ ಬೇಡವೇ ಬೇಡ. "ಒಂದು ನೋಡು, ಒಂದು ಮಾಡು, ಒಂದು ಕಲಿಸು" ಅನ್ನುವ ಹಳೆಯ ಮಾತು ಸರ್ಜರಿಯವರದ್ದು. ಮೂರು ಕೆ.ಜಿ. ಮಗುವಿನ ಮೇಲೆ ಅದನ್ನು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆದರೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತುವುದು ಪ್ರತಿಯೊಬ್ಬನಿಗೂ ಬರಲೇಬೇಕು. ನಾಳೆ ಇವನು ಪಿಎಚ್‌ಸಿಯಲ್ಲಿ ಒಬ್ಬನೇ ಇರುತ್ತಾನೆ. 108 ಬರುವವರೆಗೆ ಮಗುವನ್ನು ಉಳಿಸುವುದು ಟ್ಯೂಬ್ ಅಲ್ಲ, ಈ ಬ್ಯಾಗ್.

ಮನಿಕಿನ್ ಮೇಲೆ ಕಲಿಸಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮಾಸ್ಕ್ ಹಿಡಿದು, ಉಳಿದ ಮೂರು ಬೆರಳು ದವಡೆಯ ಮೂಳೆ ಮೇಲೆ. ಮೂಳೆ ಮೇಲೆ, ಗದ್ದದ ಕೆಳಗಿನ ಮೆತ್ತನೆ ಜಾಗದ ಮೇಲಲ್ಲ. ಅಲ್ಲಿ ಒತ್ತಿದರೆ ನಾಲಿಗೆ ಹಿಂದೆ ಹೋಗಿ ದಾರಿ ಮುಚ್ಚುತ್ತದೆ. ಮಾಸ್ಕ್‌ನ ಅಂಚು ಕಣ್ಣಿನ ಮೇಲೆ ಬರಬಾರದು. ಹಸುಗೂಸಿಗೆ ಭುಜದ ಕೆಳಗೆ ಮಡಚಿದ ಬಟ್ಟೆ ಇಡಿ. ಅವುಗಳ ತಲೆ ಹಿಂಭಾಗ ದೊಡ್ಡದು, ಸುಮ್ನೆ ಮಲಗಿಸಿದರೆ ಕತ್ತು ತಾನಾಗಿ ಬಾಗುತ್ತದೆ. ಮಾಸ್ಕ್ ಅನ್ನು ಮುಖಕ್ಕೆ ಒತ್ತುವುದಲ್ಲ, ಮುಖವನ್ನು ಮಾಸ್ಕ್ ಕಡೆ ಎತ್ತುವುದು. ಈ ವಾಕ್ಯ ಅರ್ಥವಾದ ದಿನ ಅರ್ಧ ಕೆಲಸ ಮುಗಿಯಿತು.

ತಾಳಕ್ಕೆ "ಒತ್ತು, ಬಿಡು, ಬಿಡು" ಅಂತ ಬಾಯಲ್ಲಿ ಹೇಳಿಸುತ್ತೇನೆ. ಎರಡು ಮೂರು ಸೆಕೆಂಡಿಗೆ ಒಂದು ಉಸಿರು. ಗಾಬರಿಯಾದಾಗ ಎಲ್ಲರೂ "ಒತ್ತು, ಒತ್ತು, ಒತ್ತು" ಮಾಡುತ್ತಾರೆ. ಹೊಟ್ಟೆಗೆ ಗಾಳಿ ತುಂಬುತ್ತದೆ, ಮಗು ವಾಂತಿ ಮಾಡುತ್ತದೆ. ಎದೆ ಏರುವಷ್ಟು ಸಾಕು. ಹತ್ತು ನಿಮಿಷ ನಿಲ್ಲಿಸದೆ ಮಾಡಿಸಿ. ಕೈ ಸೋಲುತ್ತದೆ, ಬೆರಳು ಮರಗಟ್ಟುತ್ತದೆ. ಆಗ ಕೋಪನ್‌ಹೇಗನ್ ಹುಡುಗರ ಕಥೆ ಮತ್ತೆ ನೆನಪಿಸಿ. ವೆಂಟಿಲೇಟರ್ ಖಾಲಿ ಇಲ್ಲದ ರಾತ್ರಿ ಒಬ್ಬ ತಂದೆ ಬೆಳಗಿನವರೆಗೆ ಬ್ಯಾಗ್ ಒತ್ತುತ್ತಾ ಕುಳಿತದ್ದನ್ನು ನಾನು ನೋಡಿದ್ದೇನೆ. ಅದನ್ನೂ ಹೇಳುತ್ತೇನೆ.

ಎದೆ ಒತ್ತುವುದು: ನಿಮಿಷಕ್ಕೆ 100ರಿಂದ 120, ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ. ಒಬ್ಬರೇ ಇದ್ದರೆ 30ಕ್ಕೆ 2 ಉಸಿರು, ಇಬ್ಬರಿದ್ದರೆ 15ಕ್ಕೆ 2. ದೊಡ್ಡವರ ಲೆಕ್ಕ ಕಲಿತು ಬಂದವರು ಈ 15 ಅನ್ನು ಮರೆಯುತ್ತಾರೆ. ಮಕ್ಕಳ ಹೃದಯ ಸಾಮಾನ್ಯವಾಗಿ ಉಸಿರು ನಿಂತ ಮೇಲೆ ನಿಲ್ಲುವುದು, ಅದಕ್ಕೇ ಉಸಿರು ಜಾಸ್ತಿ ಅಂತ ಕಾರಣ ಹೇಳಿದರೆ ಮರೆಯುವುದಿಲ್ಲ.

ರಕ್ತನಾಳ ಸಿಗದಿದ್ದಾಗ ಮೊಣಕಾಲ ಕೆಳಗಿನ ಮೂಳೆಗೆ ಸೂಜಿ ಹಾಕುವುದನ್ನು ಕೋಳಿ ಕಾಲಿನ ಮೇಲೆ ಕಲಿಸುತ್ತೇನೆ. ಚಿಕನ್ ಅಂಗಡಿಯಿಂದ ನಾಲ್ಕು ಲೆಗ್ ಪೀಸ್ ತಂದರೆ ನಾಲ್ಕು ಜನಕ್ಕೆ ಆಯಿತು. ಗಟ್ಟಿ ಪದರ ದಾಟಿ ಸೂಜಿ 'ಟಕ್' ಅಂತ ಒಳಗೆ ಹೋಗುವುದು, ಆಮೇಲೆ ಕೈಬಿಟ್ಟರೂ ಅಲ್ಲಾಡದೆ ನಿಲ್ಲುವುದು, ಇವೆರಡು ಯಾವ ವಿಡಿಯೋದಲ್ಲೂ ತಿಳಿಯುವುದಿಲ್ಲ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದ ಹುಡುಗಿಯೊಬ್ಬಳು ಎರಡು ಗ್ಲೌಸ್ ಒಂದರ ಮೇಲೊಂದು ಹಾಕಿಕೊಂಡು ಮಾಡಿದಳು. ಎಲ್ಲರಿಗಿಂತ ಚೆನ್ನಾಗಿ ಬಂದದ್ದು ಅವಳದ್ದೇ.

ಮಳೆಗಾಲದ ಪಾಠ, ಬೇಸಿಗೆಯ ಪಾಠ

ಟಾಪಿಕ್ ಪಟ್ಟಿ ಹಿಡಿದು ಕಲಿಸಬೇಡಿ. ಬೆಡ್ ಮೇಲೆ ಏನಿದೆಯೋ ಅದೇ ಪಾಠ. ನಮ್ಮ ಕಡೆ ಋತುವಿಗೆ ತಕ್ಕ ಹಾಗೆ ಬರುತ್ತವೆ.

ಡೆಂಗ್ಯೂ ಮಗು ಇದ್ದರೆ ವಿದ್ಯಾರ್ಥಿಗೆ ಗಂಟೆಗೊಮ್ಮೆ ನಾಡಿ, ಬಿಪಿ, ಮೂತ್ರ, ಜೊತೆಗೆ ಮಾಡಿಸಿದಾಗಲೆಲ್ಲ ಹೆಮಟೋಕ್ರಿಟ್ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವ ಅಂಕಿ) ಬರೆಯುವ ಚಾರ್ಟ್ ಕೊಡಿ. ಜ್ವರ ಬಿಟ್ಟ ಮೇಲೆ ತಾಯಿ "ಆರಾಮ ಆತು" ಅನ್ನುವ ಹೊತ್ತಿಗೇ ಅಪಾಯ ಶುರು ಅನ್ನುವುದು ಆ ಚಾರ್ಟ್‌ನಲ್ಲಿ ಕಣ್ಣೆದುರೇ ಕಾಣುತ್ತದೆ. ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳುವ ಚಟ ಅಲ್ಲೇ ಬಿಡಿಸಬೇಕು. ಮಗುವನ್ನು ಕೆಡವುವುದು ಹೆಚ್ಚಾಗಿ ರಕ್ತನಾಳದಿಂದ ಸೋರುವ ನೀರು. ಫ್ಲೂಯಿಡ್ ಕೂಡ ಔಷಧಿ, ಅದಕ್ಕೂ ಡೋಸ್ ಇದೆ ಅಂತ ಹೇಳುವಾಗ ನಾನು ಫೀಸ್ಟ್ ಅಧ್ಯಯನವನ್ನು ನೆನಪಿಸುತ್ತೇನೆ. ಕೀನ್ಯಾ, ಉಗಾಂಡ, ಟಾಂಜಾನಿಯಾದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದದ್ದು. ಜ್ವರ ಮತ್ತು ರಕ್ತಚಲನೆ ಕುಂದಿದ ಲಕ್ಷಣ ಇದ್ದ ಮಕ್ಕಳಿಗೆ ಒಮ್ಮೆಲೇ ಫ್ಲೂಯಿಡ್ ಸುರಿದಾಗ 48 ಗಂಟೆಯೊಳಗಿನ ಸಾವು ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು. ಫ್ಲೂಯಿಡ್ ಸುರಿಯದ ಗುಂಪಿನಲ್ಲಿ 7.3 ಶೇಕಡಾ, ಸುರಿದ ಗುಂಪುಗಳಲ್ಲಿ ಸುಮಾರು 10.5. ಅಲ್ಲಿ ಐಸಿಯು ಇರಲಿಲ್ಲ, ನಮ್ಮ ಸ್ಥಿತಿ ಬೇರೆ. ಡೆಂಗ್ಯೂ ಶಾಕ್‌ನಲ್ಲಿ ಫ್ಲೂಯಿಡ್ ಕೊಡಲೇಬೇಕು. ಆದರೆ ಕೆ.ಜಿ.ಗೆ 10 ಎಂ.ಎಲ್. ಕೊಟ್ಟ ಮೇಲೆ ಲಿವರ್ ಮುಟ್ಟಿ ನೋಡು, ಎದೆಗೆ ಸ್ಟೆತ್ ಇಟ್ಟು ಕೇಳು, ಆಮೇಲೆ ಮುಂದಿನದು. ಈ ಮುಟ್ಟಿ ನೋಡುವ ಕೆಲಸ ವಿದ್ಯಾರ್ಥಿಯದ್ದೇ.

ಬೇಸಿಗೆಗೆ ಚೇಳು. ಕೆಂಪು ಚೇಳು ಕಚ್ಚಿದ ಮಗು ಬೆವರುತ್ತಾ, ಕೈಕಾಲು ತಣ್ಣಗಾಗಿ, ನಾಡಿ ಓಡುತ್ತಾ ಬರುತ್ತದೆ. ಇಂಥ ಮಕ್ಕಳಲ್ಲಿ ಹಿಂದೆ ಎಷ್ಟೋ ಮಂದಿ ಪುಪ್ಪುಸಕ್ಕೆ ನೀರು ತುಂಬಿ ಸಾಯುತ್ತಿದ್ದರು. 1980ರ ದಶಕದಲ್ಲಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪ್ರಜೋಸಿನ್ ಅನ್ನುವ ಬಿಪಿ ಮಾತ್ರೆಯಿಂದ ಅದನ್ನು ತಿರುಗಿಸಿದರು. ಕೆ.ಜಿ.ಗೆ 30 ಮೈಕ್ರೋಗ್ರಾಂ, ಬಾಯಿಂದ. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ದೊಡ್ಡ ಸಂಸ್ಥೆಯಲ್ಲಲ್ಲ, ಸಣ್ಣ ಊರಿನಲ್ಲಿ ಹಾಸಿಗೆ ಪಕ್ಕ ಕುಳಿತು ಬರೆದಿಟ್ಟು ಕಂಡುಕೊಂಡದ್ದು. ಇದನ್ನು ಹೇಳಿದಾಗ ಹಳ್ಳಿಯಿಂದ ಬಂದ ಹುಡುಗರು ನೆಟ್ಟಗೆ ಕೂರುತ್ತಾರೆ.

ಹಾವಿನದ್ದು ಇನ್ನೂ ಒಂದು ಪಾಠ. ನೆಲದ ಮೇಲೆ ಮಲಗಿದ್ದ ಮಗು ಬೆಳಗಿನ ಜಾವ ಹೊಟ್ಟೆನೋವು ಅನ್ನುತ್ತದೆ, ರೆಪ್ಪೆ ಜೋಲುತ್ತದೆ, ನುಂಗಲು ಆಗುವುದಿಲ್ಲ. ಕಚ್ಚಿದ ಗುರುತೇ ಇರುವುದಿಲ್ಲ. ಕ್ರೇಟ್ (ಕಟ್ಟುಹಾವು) ಹಾಗೆಯೇ. "ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಮಗುವಿಗೆ ಎಷ್ಟು ವಯಲ್?" ಅಂತ ಕೇಳಿದರೆ ವಿದ್ಯಾರ್ಥಿ ತೂಕ ಹುಡುಕುತ್ತಾನೆ. ಇಲ್ಲಿ ಲೆಕ್ಕದ ಚೀಟಿ ನಡೆಯುವುದಿಲ್ಲ. ಮಗು ಚಿಕ್ಕದು ಅಂತ ಹಾವು ವಿಷ ಕಡಿಮೆ ಬಿಡುವುದಿಲ್ಲ, ದೊಡ್ಡವರಿಗೆ ಎಷ್ಟೋ ಮಗುವಿಗೂ ಅಷ್ಟೇ.

ಇಂಥ ಮಗು ಕೈಕಾಲು ಆಡಿಸುವುದಿಲ್ಲ, ಪಾಪೆ ಕೂಡ ಬೆಳಕಿಗೆ ಕದಲದೆ ಇರಬಹುದು. ಮೆದುಳು ಸತ್ತಂತೆ ಕಾಣುತ್ತದೆ, ಆದರೆ ಮಗುವಿಗೆ ಎಲ್ಲವೂ ಕೇಳಿಸುತ್ತಿರಬಹುದು. ಒಂಬತ್ತು ವರ್ಷದ ಹುಡುಗನೊಬ್ಬ ಐದು ದಿನ ವೆಂಟಿಲೇಟರ್ ಮೇಲಿದ್ದ. ಟ್ಯೂಬ್ ತೆಗೆದ ಮರುದಿನ ಒಬ್ಬ ಹೌಸ್ ಸರ್ಜನ್ ಕಡೆ ಬೆರಳು ಮಾಡಿ, "ಈ ಅಣ್ಣಾರು ನಾ ಉಳಿಯೂದಿಲ್ಲ ಅಂದಿದ್ರು" ಅಂದ. ಬೆಡ್ ಪಕ್ಕ ಏನು ಮಾತಾಡಬಾರದು ಅನ್ನುವುದಕ್ಕೆ ನಾನು ಆಮೇಲೆ ಬೇರೆ ಕ್ಲಾಸ್ ತೆಗೆದುಕೊಳ್ಳಲಿಲ್ಲ.

ರೌಂಡ್ಸ್, ಮತ್ತು ರಾತ್ರಿ ಎರಡು ಗಂಟೆಯ ಫೋನ್

ರೌಂಡ್ಸ್‌ನಲ್ಲಿ ವಿದ್ಯಾರ್ಥಿ ಮೊದಲು ಮಾತಾಡಲಿ. ಎರಡು ನಿಮಿಷ. ಆಮೇಲೆ ಸಿಸ್ಟರ್, ಆಮೇಲೆ ಪಿಜಿ, ಕೊನೆಗೆ ನೀವು. ನೀವು ಮೊದಲು ಬಾಯಿ ತೆರೆದರೆ ಮುಗಿಯಿತು, ಎಲ್ಲರೂ ಹೌದು ಅನ್ನುತ್ತಾರೆ. ನಾನು ಕೇಳುವುದು ಎರಡೇ: "ನಿನಗೆ ಏನು ಅನಿಸುತ್ತದೆ?" "ಯಾಕೆ ಹಾಗೆ ಅನಿಸಿತು?" ತಪ್ಪು ಹೇಳಿದರೆ ಎಲ್ಲರ ಮುಂದೆ ಮಾನ ತೆಗೆಯಬೇಡಿ. ನಮ್ಮ ಕಾಲದ ಪ್ರೊಫೆಸರ್‌ಗಳು ತೆಗೆಯುತ್ತಿದ್ದರು, ನಾವು ಕಲಿತೆವು ಅನ್ನುತ್ತಾರೆ ಕೆಲವರು. ನಾವು ಕಲಿತದ್ದು ಗೊತ್ತಿಲ್ಲದ್ದನ್ನು ಮುಚ್ಚಿಡುವುದನ್ನು. ಐಸಿಯುನಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಫೋನ್ ಮಾಡುವುದನ್ನು ಕಲಿಸಿ. ಹೌದು, ಇದನ್ನೂ ಕಲಿಸಬೇಕು. ರಾತ್ರಿ ಎರಡಕ್ಕೆ "ಮೇಡಂ, ಬೆಡ್ ಆರು ಸರಿ ಇಲ್ಲ" ಅಂದರೆ ನಿದ್ದೆಗಣ್ಣಲ್ಲಿ ನಾನೇನು ಮಾಡಲಿ? ಎದುರೆದುರು ಕುಳಿತು ಆಡಿಸಿ ನೋಡಿ. ಸರಿಯಾದ ಫೋನ್ ಹೀಗಿರುತ್ತದೆ: "ಮೇಡಂ, ಪಿಐಸಿಯು ಹೌಸ್ ಸರ್ಜನ್. ಬೆಡ್ ಆರು, ಎರಡು ವರ್ಷ, 11 ಕೆ.ಜಿ., ನ್ಯುಮೋನಿಯಾ, ಆಕ್ಸಿಜನ್ ಮೇಲಿದೆ. ಅರ್ಧ ಗಂಟೆಯಲ್ಲಿ ಉಸಿರು 48ರಿಂದ 66 ಆಗಿದೆ, ಸ್ಯಾಚುರೇಷನ್ 90, ತಾಯಿ ಕರೆದರೂ ನೋಡುತ್ತಿಲ್ಲ. ದಣಿಯುತ್ತಿದೆ ಅನಿಸುತ್ತದೆ. ನೀವು ಬರಬೇಕು." ಇಪ್ಪತ್ತು ಸೆಕೆಂಡ್. ಕೊನೆಯ ವಾಕ್ಯ ಹೇಳಲು ಎಲ್ಲರಿಗೂ ಸಂಕೋಚ. ಸೀನಿಯರ್‌ಗೆ "ಬನ್ನಿ" ಅನ್ನುವುದು ಹೇಗೆ ಅಂತ. ಅದನ್ನೇ ಐದು ಸಲ ಹೇಳಿಸಿ. ಅವರು ಸುಮ್ನೆ ಕರೆದರೂ ಎದ್ದು ಹೋಗಿ, ಮುಖ ಸಿಂಡರಿಸಬೇಡಿ. ಒಮ್ಮೆ ಗದರಿದರೆ ಮುಂದಿನ ಸಲ ಕರೆಯುವುದಿಲ್ಲ.

ತಾಯಂದಿರು

ಅಖಿಲ ಭಾರತ ಕೋಟಾದಲ್ಲಿ ಬಂದ ವಿದ್ಯಾರ್ಥಿಗಳಿಗೆ ಕನ್ನಡ ಬರುವುದಿಲ್ಲ. ಮೈಸೂರಿನಿಂದ ಬಂದವರಿಗೆ ಕನ್ನಡ ಬರುತ್ತದೆ, ನಮ್ಮ ತಾಯಂದಿರ ಕನ್ನಡ ಬರುವುದಿಲ್ಲ. "ಕೂಸು ಮೊಲಿ ಹಿಡೀವಲ್ದು", "ಪಕ್ಕಿ ಬಡ್ಯಾಕತ್ತಾವ", "ಝಟಕಾ ಬಂದಿದ್ವು", "ನೆತ್ತಿ ಒಳಗ ಹೋಗೇತಿ". ಇಂಥ ಹತ್ತು ಹದಿನೈದು ಮಾತು ಬರೆಸಿ ಕೊಡಿ. ತಾಯಿ ಅರ್ಧ ಡಯಾಗ್ನೋಸಿಸ್ ಹೇಳಿರುತ್ತಾಳೆ, ಕೇಳುವ ಕಿವಿ ಇರಬೇಕು ಅಷ್ಟೇ. ಹೊಟ್ಟೆ ಮೇಲೆ ಬರೆ ಹಾಕಿಸಿಕೊಂಡು ಬಂದ ಮಗು ಕಂಡರೆ ವಿದ್ಯಾರ್ಥಿಗಳಿಗೆ ಸಿಟ್ಟು ಬರುತ್ತದೆ. ಸಿಟ್ಟು ತಾಯಿಯ ಮೇಲೆ ತೀರಿಸಬೇಡ, ಅವಳು ಮಗು ಉಳಿಯಲಿ ಅಂತಲೇ ಹಾಕಿಸಿದ್ದು ಅನ್ನುತ್ತೇನೆ.

ಸಾವಿನ ಸುದ್ದಿಯನ್ನು ವಿದ್ಯಾರ್ಥಿ ಹೇಳಬಾರದು. ಆದರೆ ಹೇಳುವಾಗ ಜೊತೆಗೆ ಇರಬೇಕು, ತಾನು ನೋಡಿಕೊಂಡ ಮಗುವಾಗಿದ್ದರೆ ಅಂತೂ ಖಂಡಿತ. ಕಾರಿಡಾರ್‌ನಲ್ಲಿ ನಿಂತು ಹೇಳುವುದಿಲ್ಲ, ಕೂರಿಸಿ ಹೇಳುತ್ತೇನೆ. ಮಗುವಿನ ಹೆಸರು ಹಿಡಿದು ಹೇಳುತ್ತೇನೆ. "ಎಕ್ಸ್‌ಪೈರ್ ಆಯ್ತು" ಅನ್ನುವುದಿಲ್ಲ, "ಕೈ ಮೀರಿದೆ" ಅಂತ ಅರ್ಧಕ್ಕೆ ಬಿಡುವುದೂ ಇಲ್ಲ. ತೀರಿಕೊಂಡಿತು ಅನ್ನುವ ಮಾತು ಬಾಯಿಂದ ಬರಲೇಬೇಕು. ಆಮೇಲೆ ಸುಮ್ಮನಿರುತ್ತೇನೆ. ಆ ಮೌನದಲ್ಲಿ ಹೊಸಬರಿಗೆ ಏನಾದರೂ ಹೇಳಬೇಕು ಅನಿಸುತ್ತದೆ. ಹೇಳಬೇಡಿ ಅಂತ ಮೊದಲೇ ಎಚ್ಚರಿಸಿರಿ.

ಅದಾದ ಮೇಲೆ ಅವರನ್ನು ಹಾಗೇ ಹಾಸ್ಟೆಲ್‌ಗೆ ಕಳಿಸಬೇಡಿ. ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ. ನಾನೇನೂ ಕೇಳುವುದಿಲ್ಲ. ಎರಡನೇ ಗುಟುಕಿಗೆ ಅವರೇ ಶುರು ಮಾಡುತ್ತಾರೆ, "ಮೇಡಂ, ನಾನು ಬೆಳಗ್ಗೆ ಎಣಿಸಿದ್ದು ಸರಿ ಇತ್ತಾ?" ಅಂತ. ಚೀಟಿ ತೆಗೆದು ಇಬ್ಬರೂ ನೋಡುತ್ತೇವೆ. ಸರಿ ಇದ್ದರೆ ಸರಿ ಅನ್ನುತ್ತೇನೆ. ಇಲ್ಲದಿದ್ದರೆ ಇಲ್ಲ ಅನ್ನುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ.

ಕೊನೆಯ ದಿನ

ಪರೀಕ್ಷೆ ಅಂತ ದೊಡ್ಡದೇನೂ ಇಲ್ಲ. ಲಾಗ್‌ಬುಕ್‌ಗೆ ಸಹಿ ಮಾಡುವ ಮೊದಲು ಮೂರು ಜನರನ್ನು ಕೇಳುತ್ತೇನೆ: ಇನ್‌ಚಾರ್ಜ್ ಸಿಸ್ಟರ್, ಆ ಬೆಡ್‌ನ ತಾಯಿ, ರಾತ್ರಿ ಡ್ಯೂಟಿಯ ಪಿಜಿ. ಒಬ್ಬ ತಾಯಿ ಒಮ್ಮೆ ಹೇಳಿದಳು: "ಆ ಹುಡ್ಗ ಭಾಳ ಕೈ ತೊಳೀತಾನ್ರೀ." ಪೂರ್ತಿ ಅಂಕ ಕೊಟ್ಟೆ.

ಆಮೇಲೆ ಹೊಸದಾಗಿ ಬಂದ ಮಗುವಿನ ಬೆಡ್ ಹತ್ತಿರ ಕರೆದುಕೊಂಡು ಹೋಗಿ, ಸಿಸ್ಟರ್ ಒಪ್ಪಿದರೆ, ಮತ್ತೆ ಟವೆಲ್ ಹಾಕುತ್ತೇನೆ. ಈ ಸಲ ಅವರ ಕಣ್ಣು ಎತ್ತ ಹೋಗುತ್ತದೆ ಅಂತ ನೋಡುತ್ತೇನೆ. ಟವೆಲ್ ಮಾತ್ರ ಪ್ರತಿ ಬೆಡ್‌ಗೂ ಬೇರೆ ಬೇರೆ, ಒಗೆದದ್ದು ಇರಲಿ. ಒಂದೇ ಟವೆಲನ್ನು ಬೆಡ್‌ನಿಂದ ಬೆಡ್‌ಗೆ ಹೊತ್ತುಕೊಂಡು ತಿರುಗಿದ್ದಕ್ಕೆ ನಮ್ಮ ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ನನ್ನನ್ನು ವಿದ್ಯಾರ್ಥಿಗಳ ಎದುರೇ ಬೈದಿದ್ದಾರೆ.